ಗೋಡೆ ದಾಟಿದ ಸವರಿಯಮ್ಮನ ಬಗ್ಗೆ ಮುಳ್ಳೂರಿನ ಗುರುಬಸಮ್ಮ ಕೊಟ್ಟ ಹೇಳಿಕೆ

ಹೆಸರು: ಗುರುಬಸಮ್ಮ ಕೋಂ ಕೆಂಪನಂಜಪ್ಪ
ವಯಸ್ಸು: ಸುಮಾರು ನಲವತ್ತಾರು ವರ್ಷ
ಕಸುಬು: ಬೇಸಾಯ
ವಾಸ: ಮುಳ್ಳೂರು ಗ್ರಾಮ, ಕೊಳ್ಳೇಗಾಲ ತಾಲ್ಲೂಕು, ಕೊಯಮತ್ತೂರು ಜಿಲ್ಲೆ

ಯಾರೂ ಕರೆಸದೆ ಈ ದಿವಸ ಬೆಳಗ್ಗೆ ಹತ್ತೂವರೆ ಗಂಟೆಗೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ತವರು ಯಳಂದೂರು. ಮದುವೆಯಾದ ಮೇಲೆ ಮುಳ್ಳೂರಿನಲ್ಲಿ ವಾಸವಾಗಿರುತ್ತೇನೆ. ನಮಗೆ ಕಾಲುವೆ ನೀರಿನ ಗದ್ದೆ ಇದೆ. ಕಳೆದ ಸೆಪ್ಟೆಂಬರ್ ತಿಂಗಳಲ್ಲಿ ನನ್ನ ಗಂಡ ಊರಿನಲ್ಲಿಲ್ಲದಾಗ ನೀರುಗಂಟಿ ಚಿಕ್ಕಮಾದಪ್ಪನು ನಮ್ಮ ಸರದಿ ಮುಗಿಯುವ ಮೊದಲೇ ತೂಬಿಗೆ ಹಲಗೆ ಹಾಕಿದನು. ನಾನು ಹಲಗೆ ಕಿತ್ತುಕೊಂಡೆನು. ಎಳೆದಾಟದಲ್ಲಿ ಅವನು ಕಾಲುವೆಗೆ ಬಿದ್ದು ತೋಳು ಮುರಿಯಿತು. ಕೋರ್ಟಿನಲ್ಲಿ ನನಗೆ ದಂಡ, ಕಟ್ಟದಿದ್ದರೆ ಮೂರು ವಾರ ಸಜಾ ಎಂದಾಯಿತು. ನನ್ನ ಗಂಡ ದಂಡ ಕಟ್ಟಲು ಸಿದ್ಧರಿದ್ದರು. ನಮ್ಮ ಸರದಿಯ ನೀರು ನಾವು ಕೇಳಿದ್ದಕ್ಕೆ ದಂಡ ಕಟ್ಟುವುದಿಲ್ಲವೆಂದು ನಾನೇ ಹಟ ಹಿಡಿದೆನು. ನಮ್ಮ ಮನೆತನದಲ್ಲಿ ಹೆಂಗಸರು ಜೈಲಿಗೆ ಹೋದದ್ದಿಲ್ಲ, ಬೇಡ ಎಂದು ಅವರು ಕೋರ್ಟಿನ ಜಗುಲಿಯಲ್ಲಿ ನಿಂತು ಎಷ್ಟೋ ಹೇಳಿದರು. ನಾನು ಕೇಳಲಿಲ್ಲ. ಅಕ್ಟೋಬರ್ ಒಂದನೇ ತಾರೀಕು ಸಾಯಂಕಾಲ ನನ್ನನ್ನು ಇಲ್ಲಿಯ ಸಬ್ ಜೈಲಿನ ಹೆಂಗಸರ ಕೋಣೆಗೆ ಕಳುಹಿಸಿದರು.

ಕೋಣೆಯಲ್ಲಿ ನನಗಿಂತ ಮೊದಲೇ ಇಬ್ಬರು ಇದ್ದರು. ಒಬ್ಬಳು ಮಾರ್ಟಳ್ಳಿಯ ಸವರಿಯಮ್ಮ, ಮೂವತ್ತೈದರ ಆಸುಪಾಸಿನವಳು, ತಮಿಳು ಮಾತಿನ ಕಿರಿಸ್ತಾನರವಳು. ಕಳ್ಳಭಟ್ಟಿ ಸಾರಾಯಿ ಕಾಯಿಸಿದ ಕೇಸಿನಲ್ಲಿ ಮೂರು ತಿಂಗಳ ಸಜಾ ಆಗಿದ್ದವಳು. ಇನ್ನೊಬ್ಬಳು ಲೊಕ್ಕನಹಳ್ಳಿಯ ಪುಟ್ಟಗೌರಮ್ಮ, ಇಪ್ಪತ್ತೆರಡು ವರ್ಷದ ಹುಡುಗಿ. ಸರ್ಕಾರಿ ಕಾಡಿನಲ್ಲಿ ಮೇಯುತ್ತಿದ್ದ ತನ್ನ ದನಗಳನ್ನು ದೊಡ್ಡಿಗೆ ಹೊಡೆದುಕೊಂಡು ಹೋಗುತ್ತಿದ್ದ ಗಾರ್ಡನಿಗೆ ಕೋಲಿನಿಂದ ಹೊಡೆದಳೆಂದು ಒಂದು ತಿಂಗಳ ಸಜಾ. ಅವಳಿಗೆ ಎಂಟು ತಿಂಗಳು ತುಂಬಿತ್ತು.

ನಾನು ಶಿವಾಚಾರದವಳು. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುವವಳಲ್ಲ. ಕೋಣೆಯಲ್ಲಿ ಮೂವರಿಗೂ ಸೇರಿ ಒಂದೇ ಕೊಡ ನೀರು. ಅದನ್ನು ಸವರಿಯಮ್ಮ ಮುಟ್ಟಿದ್ದನ್ನು ನಾನು ಕಣ್ಣಾರೆ ಕಂಡೆನು. ಆ ರಾತ್ರಿ ಊಟ ಬೇಡವೆಂದೆನು. ಮಾರನೆಯ ದಿನ ಬೆಳಗ್ಗೆ ಕೊಟ್ಟ ಅಂಬಲಿಯನ್ನೂ ಪಕ್ಕಕ್ಕೆ ಸರಿಸಿದೆನು. ಸಾರಾಯಿ ಕಾಯಿಸುವವರ ಜೊತೆ ಒಂದೇ ಚಾಪೆಯ ಅಂಚಿನಲ್ಲಿ ಕೂರುವ ಗತಿ ಬಂತಲ್ಲ ಎಂದು ಅವಳಿಗೆ ಕೇಳಿಸುವಂತೆಯೇ ಹೇಳಿದೆನು.

ಆ ದಿವಸ ಮಧ್ಯಾಹ್ನ ಅವಳು ಪುಟ್ಟಗೌರಮ್ಮನನ್ನು ಮೂಲೆಗೆ ಕರೆದು, ನನ್ನ ಕೊರಳಿನಲ್ಲಿರುವುದೇನು, ಅದಕ್ಕೆ ಏನೇನು ಬೇಕು ಎಂದು ಕೇಳಿ ತಿಳಿದುಕೊಂಡಳೆಂಬುದು ನನಗೆ ಆಮೇಲೆ ಗೊತ್ತಾಯಿತು. ಮೂರನೆಯ ದಿನ ಬೆಳಗ್ಗೆ ಎದ್ದು ನೋಡಿದರೆ ಕಿಟಕಿಯ ಕೆಳಗಿನ ಮೂಲೆ ತೊಳೆದು ಒಣಗಿತ್ತು. ಅಲ್ಲಿ ಹೊಸ ಮಡಕೆಯೊಂದರಲ್ಲಿ ನೀರು, ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಮಡಕೆಯನ್ನು ವಾರ್ಡರ್ ಶಂಕರಮ್ಮನನ್ನು ಬೇಡಿ ತರಿಸಿದ್ದಳಂತೆ. ಪುಟ್ಟಗೌರಮ್ಮನು ನನಗೆ ಹೇಳಿದ್ದೇನೆಂದರೆ, "ನೀರ ನಾನೇ ಸೇದಿವ್ನಿ ಕಣವ್ವ. ಸವರಕ್ಕ ಮುಟ್ಟಿಲ್ಲ. ನೀನು ಪೂಜೆ ಮಾಡ್ಕಂಡು ಒಂದ್ ತುತ್ತು ಉಣ್ಣವ್ವ." ಸವರಿಯಮ್ಮ ಅಷ್ಟು ಹೊತ್ತೂ ಬಾಗಿಲ ಕಡೆ ಮುಖ ಮಾಡಿ ಕುಳಿತಿದ್ದಳು. ನಾನು ಪೂಜೆ ಮುಗಿಸಿ ಲಿಂಗದ ಕರಡಿಗೆ ಮುಚ್ಚಿದ ಸದ್ದು ಕೇಳಿದ ಮೇಲೆಯೇ ಈ ಕಡೆಗೆ ತಿರುಗಿದಳು. ಆ ಹೊತ್ತು ನಾನು ಊಟ ಮಾಡಿದೆನು.

ಅದಾದ ನಾಲ್ಕೈದು ದಿನಕ್ಕೆ ನನಗೆ ಚಳಿಜ್ವರ ಬಂತು. ಹೊದೆಯಲು ಸಾಲದೆ ನಡುಗುತ್ತಿದ್ದೆನು. ಸವರಿಯಮ್ಮ ತನ್ನ ಕಂಬಳಿಯನ್ನು ತಂದು ಒಂದು ಗಳಿಗೆ ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಹಾಕಬಹುದೇ ಎಂದು ಬಾಯಿಬಿಟ್ಟು ಕೇಳಲಿಲ್ಲ. ನಾನು ಕಣ್ಣಿನಲ್ಲೇ ಹೂಂ ಎಂದೆನು. ಅವಳು ಹೊದಿಸಿ, ಕಾಲ ಹತ್ತಿರ ಕುಳಿತು ನನ್ನ ಅಂಗಾಲು ಉಜ್ಜಿದಳು. ನನ್ನ ತಾಯಿ ತೀರಿಕೊಂಡ ಮೇಲೆ ಯಾರೂ ನನ್ನ ಕಾಲು ಹಿಡಿದು ಉಜ್ಜಿರಲಿಲ್ಲ. ನಾನು ಮುಸುಕು ಎಳೆದುಕೊಂಡು ಅತ್ತೆನು. ಜ್ವರಕ್ಕೆ ಕಣ್ಣಲ್ಲಿ ನೀರು ಬರುತ್ತದೆ ಎಂದು ಅವಳೇ ಪುಟ್ಟಗೌರಮ್ಮನಿಗೆ ಸಮಾಧಾನ ಹೇಳಿದಳು.

ಜ್ವರ ಬಿಟ್ಟ ಮೇಲೆ ನಾವು ಮೂವರೂ ಮಾತಾಡಿಕೊಂಡು ಇದ್ದೆವು. ಬಾಗಿಲ ಬಳಿ ಗಾಳಿ ಬರುವುದರಿಂದ ಬಸುರಿ ಹುಡುಗಿಗೆ ಆ ಜಾಗ ಬಿಟ್ಟುಕೊಟ್ಟೆವು. ನಾನು ಅವಳ ತಲೆ ಬಾಚುತ್ತಿದ್ದೆನು. ಸವರಿಯಮ್ಮ ತನ್ನ ಪಾಲಿನ ಮುದ್ದೆಯಲ್ಲಿ ಅರ್ಧ ಮುರಿದು ಅವಳ ತಟ್ಟೆಗೆ ಇಡುತ್ತಿದ್ದಳು. ನಾನೂ ಇಡತೊಡಗಿದೆನು. ಪುಟ್ಟಗೌರಮ್ಮ ಇಷ್ಟೊಂದು ತಿಂದರೆ ಮಗು ಗಾರ್ಡನಷ್ಟು ದಪ್ಪ ಹುಟ್ಟುತ್ತದೆ ಎನ್ನುತ್ತಿದ್ದಳು. ಸವರಿಯಮ್ಮನ ಗಂಡ ಮರ ಕಡಿಯುವಾಗ ಮೈಮೇಲೆ ಕೊಂಬೆ ಬಿದ್ದು ಸತ್ತನೆಂದೂ, ಇಬ್ಬರು ಹೆಣ್ಣುಮಕ್ಕಳು ಅಕ್ಕನ ಮನೆಯಲ್ಲಿದ್ದಾರೆಂದೂ, ಭಟ್ಟಿ ಕಾಯಿಸಿದ್ದು ಆ ಮಕ್ಕಳ ಹೊಟ್ಟೆಗೆಂದೂ ಆಗ ತಿಳಿಯಿತು. ಒಂದು ದಿವಸ ಸವರಿಯಮ್ಮ, "ನೀ ನೀರಿಗ್ ಬಂದೆ, ನಾ ಸಾರಾಯಿಗ್ ಬಂದೆ, ಇವ್ಳು ಹುಲ್ಲಿಗ್ ಬಂದ್ಲು. ಮೂರೂ ಸೇರ್ದ್ರೆ ಒಂದ್ ಅಂಗಡಿ ಆಯ್ತದಮ್ಮಾ" ಎಂದಳು. ಮೂವರೂ ನಕ್ಕ ಸದ್ದಿಗೆ ಶಂಕರಮ್ಮ ಬಂದು, ಇದು ಜೈಲೋ ಮದುವೆ ಮನೆಯೋ ಎಂದು ಕೇಳಿ ತಾನೂ ನಗುತ್ತ ಹೋದಳು. ನಮ್ಮ ಮನೆಯಲ್ಲಿ ಸಹ ನಾನು ಹಾಗೆ ನಕ್ಕು ಬಹಳ ಕಾಲವಾಗಿತ್ತು ಎಂಬುದನ್ನು ಬರೆಯಬೇಕಾಗಿಲ್ಲವೆಂದು ಕಂಡರೆ ಬಿಡಬಹುದು.

ಅಕ್ಟೋಬರ್ ಹದಿನೆಂಟನೇ ತಾರೀಕು ಗುರುವಾರ. ಆ ದಿನ ಬೆಳಗ್ಗೆ ಬೇರೆ ಕೇಸಿನಲ್ಲಿ ತಂದಿದ್ದ ಹೆಂಗಸೊಬ್ಬಳನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಾಗಿ, ನಿಯಮದಂತೆ ಶಂಕರಮ್ಮ ಅವಳ ಜೊತೆ ಕೋರ್ಟಿಗೆ ಹೋದಳು. ಪುಟ್ಟಗೌರಮ್ಮನಿಗೆ ಪದೇ ಪದೇ ಕಕ್ಕಸಿಗೆ ಹೋಗಬೇಕಾಗುತ್ತಿತ್ತು. ಅದಕ್ಕಾಗಿ ಕೋಣೆಯಿಂದ ಹಿಂದಿನ ಅಂಗಳಕ್ಕೆ ಹೋಗುವ ಬಾಗಿಲನ್ನು ತೆರೆದಿಟ್ಟು, ಮುಂದಿನ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಪಹರೆಯವರ ಬಳಿ ಕೊಟ್ಟು ಹೋದಳು. ಅದು ಅವಳು ನಮ್ಮ ಮೇಲೆ ಕರುಣೆಯಿಂದ ಮಾಡಿದ್ದು. ಅಂಗಳದ ಸುತ್ತ ಗೋಡೆ ಇದೆ.

ಮಧ್ಯಾಹ್ನ ಸುಮಾರು ಎರಡು ಗಂಟೆಗೆ ದೊಡ್ಡ ಮಳೆ ಶುರುವಾಯಿತು. ಆ ಹೊತ್ತಿಗೇ ಪುಟ್ಟಗೌರಮ್ಮನಿಗೆ ನೋವು ಬಂತು. ಇನ್ನೂ ದಿನ ತುಂಬಿರಲಿಲ್ಲವಾದ್ದರಿಂದ ಮೊದಲು ಸುಮ್ಮನೆ ಬಂದ ನೋವೆಂದುಕೊಂಡೆವು. ಅಷ್ಟರಲ್ಲಿ ನೀರು ಹೋಯಿತು. ನಾನು ನಾಲ್ಕು ಹೆತ್ತವಳು, ಊರಿನಲ್ಲಿ ಹೆರಿಗೆಗಳಿಗೂ ಹೋದವಳು. ಅವಳನ್ನು ಮಲಗಿಸಿ ನೋಡಿದೆನು. ಮಗುವಿನ ತಲೆಯ ಬದಲು ಒಂದು ಪಾದ ಕಾಣಿಸಿತು. ನನ್ನ ಸ್ವಂತ ಅಕ್ಕ ಯಳಂದೂರಿನಲ್ಲಿ ಹೀಗೆಯೇ ಕಾಲು ಮುಂದಾಗಿ ಬಂದ ಹೆರಿಗೆಯಲ್ಲಿ ಮಗುವಿನ ಸಮೇತ ತೀರಿಕೊಂಡಳು. ಆಗ ನಾನು ಪಕ್ಕದಲ್ಲಿದ್ದೆನು. ಇದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲವೆಂದು ತಿಳಿಯಿತು.

ಸವರಿಯಮ್ಮ ಮುಂದಿನ ಬಾಗಿಲಿಗೆ ತಟ್ಟೆಯಿಂದ ಬಡಿದು ಕೂಗಿದಳು. ನಾನೂ ಕೂಗಿದೆನು. ಆಚೆ ಕಡೆಯ ಗಂಡಸು ಖೈದಿಗಳು ಕೇಳಿಸಿಕೊಂಡು ಅವರೂ ಕೂಗಿದರು. ಪಹರೆಯ ಮಾದಸ್ವಾಮಿ ಎಂಬುವರು ಇದ್ದದ್ದು ಮುಂದಿನ ತಗಡಿನ ಮಾಡಿನ ಕೆಳಗೆ. ತಗಡಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಅವರಿಗೆ ನಮ್ಮ ಕೂಗು ಕೇಳಿಸಲಿಲ್ಲ, ಗಂಡಸರ ಕೂಗು ಕೇಳಿದರೂ ಮಳೆ ಬಂದ ಖುಷಿಗೆ ಕೂಗುತ್ತಿದ್ದಾರೆ ಎಂದುಕೊಂಡರಂತೆ. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ಅವರ ಮೇಲೆ ನನ್ನ ದೂರಿಲ್ಲ.

ಹುಡುಗಿ ನನ್ನ ಸೆರಗು ಹಿಡಿದು, "ಅವ್ವಾ, ನಾ ಸತ್ತೋಯ್ತೀನಿ, ನನ್ ಊರ್ಗೆ ಕಳ್ಸವ್ವಾ" ಎನ್ನುತ್ತಿದ್ದಳು. ನಾನು ಸವರಿಯಮ್ಮನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಗೋಡೆ ತೋರಿಸಿ, ಹತ್ತಿ ದಾಟಿ ಆಸ್ಪತ್ರೆಯಿಂದ ದಾದಿಯನ್ನು ಕರೆದು ತರುವಂತೆ ಹೇಳಿದೆನು. ಈ ಮಾತು ಮೊದಲು ಆಡಿದವಳು ನಾನು, ಅವಳಲ್ಲ. ಅವಳು ಬೆದರಿ ಹಿಂದೆ ಸರಿದು, "ಇನ್ನೆಂಟ್ ದಿನ ಅದೆ ಅಮ್ಮಾ ಎನಕ್ಕು. ಓಡೋದ್ಲು ಅಂತಾರೆ. ನನ್ ಪುಳ್ಳೆಗಳು ದಾರಿ ನೋಡ್ತಾ ಅವೆ" ಎಂದಳು. ಎನಕ್ಕು ಎಂದರೆ ನನಗೆ, ಪುಳ್ಳೆಗಳು ಎಂದರೆ ಮಕ್ಕಳು. ನಾನು, "ನಾನೇ ಕಳಿಸ್ದೆ ಅಂತ ಸರ್ಕಾರದ ಮುಂದೆ ಯೋಳ್ತೀನಿ. ನನ್ ಕೊರಳ ಲಿಂಗದಾಣೆ" ಎಂದೆನು. ಆಗ ಒಳಗಿನಿಂದ ಹುಡುಗಿ ಕಿರುಚಿದಳು. ಸವರಿಯಮ್ಮ ಹಣೆ ಎದೆ ಮುಟ್ಟಿಕೊಂಡು ಅವರ ದೇವರನ್ನು ನೆನೆದು ಸೀರೆ ಕಚ್ಚೆ ಹಾಕಿದಳು.

ಗೋಡೆ ಎರಡು ಆಳು ಎತ್ತರಕ್ಕೆ ಸ್ವಲ್ಪ ಕಡಿಮೆ ಇರಬಹುದು. ಮಳೆಗೆ ಜಾರುತ್ತಿತ್ತು. ಎರಡು ಸಲ ಜಾರಿ ಬಿದ್ದಳು. ನಾನು ಗೋಡೆಗೆ ಎರಡು ಕೈ ಕೊಟ್ಟು ಬಗ್ಗಿ, ನನ್ನ ಬೆನ್ನು ಹತ್ತಿ ಹೆಗಲ ಮೇಲೆ ನಿಲ್ಲು ಎಂದೆನು. ಅವಳು ನಿಂತಲ್ಲೇ ನಿಂತಳು. ನನ್ನನ್ನು ಹೇಗೆ ತುಳಿಯಲಿ ಎಂದು ಕೇಳಿದಳು. ನಾನು ಕರಡಿಗೆಯನ್ನು ಎದೆಯ ಕಡೆಗೆ ಎಳೆದು ಸೆರಗಿನಲ್ಲಿ ಬಿಗಿದುಕೊಂಡು, "ತುಳಿಯವ್ವ, ವತ್ತಾಯ್ತದೆ" ಎಂದೆನು. ಆ ಸುರಿಯುವ ಮಳೆಯಲ್ಲಿ ಅವಳು ತನ್ನ ಸೆರಗಿನ ತುದಿಯಿಂದ ಅಂಗಾಲಿನ ಕೆಸರು ಒರೆಸಿಕೊಂಡು ಆಮೇಲೆ ನನ್ನ ಮೇಲೆ ಕಾಲಿಟ್ಟಳು. ಅವಳ ಭಾರ ಹೆಚ್ಚೇನೂ ಇರಲಿಲ್ಲ. ಗೋಡೆಯ ಮೇಲೆ ಹೊದಿಸಿದ್ದ ಹೆಂಚು ಒಡೆದು ಅವಳ ಅಂಗೈ ಕುಯ್ದು ರಕ್ತ ನನ್ನ ತೋಳ ಮೇಲೆ ಬಿತ್ತು. ಆಚೆ ಹಾರಿದ ಸದ್ದು ಕೇಳಿ ನಾನು ಒಳಗೆ ಹೋದೆನು.

ಅದಾದ ಮೇಲೆ ಎಷ್ಟು ಹೊತ್ತಾಯಿತೆಂದು ನಾನು ಖಚಿತವಾಗಿ ಹೇಳಲಾರೆನು. ಅರ್ಧ ಗಂಟೆ ಇರಬಹುದು. ನನಗೆ ಬಹಳ ಹೊತ್ತಾದಂತೆ ಕಂಡಿತು. ಹುಡುಗಿಗೆ ಮುಕ್ಕಬೇಡ, ಉಸಿರು ಬಿಡು, ಸವರಕ್ಕ ಬರುತ್ತಾಳೆ ಎಂದು ಹೇಳುತ್ತಿದ್ದೆನು. ನಡುವೆ ಒಂದು ಸಲ, ಅವಳು ಬರದೆ ಮಾರ್ಟಳ್ಳಿ ದಾರಿ ಹಿಡಿದರೆ ಏನು ಗತಿ ಎಂಬ ಯೋಚನೆ ಬಂತು. ಬಂದ ಕೂಡಲೇ ನಾಚಿಕೆಯಾಯಿತು. ಮಳೆ ಸ್ವಲ್ಪ ಕಡಿಮೆಯಾದಾಗ ಮುಂದಿನ ಬಾಗಿಲ ಬೀಗ ತೆಗೆಯುವ ಸದ್ದು ಕೇಳಿಸಿತು. ಆಸ್ಪತ್ರೆಯ ಹೆರಿಗೆ ದಾದಿ ದೊಡ್ಡಬಸಮ್ಮನವರು ಒಳಗೆ ಬಂದರು. ಅವರ ಹಿಂದೆ ಚೀಲ ಹೊತ್ತುಕೊಂಡು ಸವರಿಯಮ್ಮ ಬಂದಳು.

ಮುಂದಿನ ಬಾಗಿಲಲ್ಲಿ ನಡೆದದ್ದನ್ನು ನಾನು ನೋಡಿಲ್ಲ. ದೊಡ್ಡಬಸಮ್ಮನವರು ಹೇಳಿ ಕೇಳಿದ್ದೇನೆಂದರೆ, ಮಾದಸ್ವಾಮಿಯವರು ಸವರಿಯಮ್ಮನನ್ನು ಆಸ್ಪತ್ರೆಯ ಆಳು ಎಂದು ತಿಳಿದು, ದಾದಿ ಮಾತ್ರ ಒಳಗೆ ಹೋಗಬಹುದು, ನೀನು ಹೊರಗೆ ನಿಲ್ಲು ಎಂದರಂತೆ. ಅವಳು, "ಸಾಮೀ, ನಾ ಒಳಗಿರೋಳೇ, ಬುಡಿ ಸಾಮೀ, ನನ್ನ ಒಳಗ್ ಬುಡಿ" ಎಂದು ಕೈ ಮುಗಿದಳಂತೆ. ಅವರಿಗೆ ಅರ್ಥವಾಗದೆ ಮುಖ ನೋಡುತ್ತ ನಿಂತಾಗ, ನನ್ನ ತಟ್ಟೆ ಕಂಬಳಿ ಎಲ್ಲಾ ಒಳಗಿದೆ, ಬೇಕಾದರೆ ಹೋಗಿ ನೋಡಿ ಎಂದಳಂತೆ. ಹೊರಗೆ ಹೋಗಲು ಬಿಡಿ ಎಂದು ಅಳುವವರನ್ನು ಕಂಡಿದ್ದೇನೆ, ಒಳಗೆ ಬಿಡಿ ಎಂದು ಅಳುವವಳನ್ನು ಇಲ್ಲಿಯವರೆಗೆ ಕಂಡಿರಲಿಲ್ಲ ಎಂದು ಮಾದಸ್ವಾಮಿಯವರು ದಾದಿಗೆ ಹೇಳಿದರಂತೆ. ಅವಳು ಗೋಡೆ ದಾಟಿದ ಸಂಗತಿ ಸರ್ಕಾರಕ್ಕೆ ಗೊತ್ತಾದದ್ದು ಹೀಗೆ, ಅವಳ ಬಾಯಿಂದಲೇ.

ದೊಡ್ಡಬಸಮ್ಮನವರು ಕೈತೊಳೆದು ಕೆಲಸಕ್ಕೆ ಕುಳಿತರು. ನಾನು ಹುಡುಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆನು. ಸವರಿಯಮ್ಮ ಕುಯ್ದ ಕೈಗೆ ಬಟ್ಟೆ ಸುತ್ತಿಕೊಂಡು ಹುಡುಗಿಯ ಕಾಲು ಹಿಡಿದುಕೊಂಡಳು. ಮಗುವಿನ ಇನ್ನೊಂದು ಪಾದವೂ ಬಂತು, ಸೊಂಟ ಬಂತು, ತಲೆ ನಿಂತಿತು. ದಾದಿಯವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಕೊನೆಗೆ ಮಗು ಬಂತು. ಹೆಣ್ಣು. ಮೈ ನೀಲಿಯಾಗಿತ್ತು, ಅಳಲಿಲ್ಲ. ದಾದಿ ಬಾಯಿ ಒರೆಸಿ, ಬೆನ್ನು ತಟ್ಟಿ, ತಮ್ಮ ಬಾಯಿಂದ ಉಸಿರು ಊದಿದರು. ಮಗು ಮೊದಲು ಬೆಕ್ಕಿನ ಮರಿಯಂತೆ ಒಂದು ಸಣ್ಣ ಸದ್ದು ಮಾಡಿ, ಆಮೇಲೆ ಜೋರಾಗಿ ಅತ್ತಿತು. ಆಚೆ ಗಂಡಸರ ಕಡೆಯಿಂದ ದೊಡ್ಡ ಕೂಗು ಬಂತು. ಪುಟ್ಟಗೌರಮ್ಮನು ಮಗುವನ್ನು ನೋಡುವ ಮೊದಲು ಸವರಿಯಮ್ಮನ ಕೈ ನೋಡಿ, "ಅಕ್ಕಾ, ಏನಾಯ್ತಕ್ಕ ಕೈಗೆ?" ಎಂದು ಕೇಳಿದಳು. ಇನ್ನು ಕಾಲು ಗಂಟೆ ತಡವಾಗಿದ್ದರೆ ತಾಯಿ ಮಗು ಎರಡೂ ಉಳಿಯುತ್ತಿರಲಿಲ್ಲವೆಂದು ದೊಡ್ಡಬಸಮ್ಮನವರು ಅಲ್ಲಿಯೇ ಹೇಳಿದರು. ಕೇಳಿದರೆ ಬರೆದು ಕೊಡುತ್ತಾರೆ.

ಅದೇ ಸಾಯಂಕಾಲ ತಾಯಿ ಮಗುವನ್ನು ಆಸ್ಪತ್ರೆಗೆ ಸಾಗಿಸಿದರು. ಸವರಿಯಮ್ಮನನ್ನು ಬೇರೆ ಕೋಣೆಯಲ್ಲಿಟ್ಟು, ಕಾವಲಿನಿಂದ ತಪ್ಪಿಸಿಕೊಂಡಳೆಂದು ಹೊಸ ಕೇಸು ಹಾಕಿದರೆಂದು ಶಂಕರಮ್ಮ ಬಂದು ಅಳುತ್ತ ಹೇಳಿದಳು. ನಾನೇ ಕಳುಹಿಸಿದ್ದೆಂದು ಅಲ್ಲಿಗೆ ಬಂದಿದ್ದ ಅಧಿಕಾರಿಗಳಿಗೆ ಹೇಳಿದೆನು. ಎಲ್ಲಾ ವಿಚಾರಣೆಯಲ್ಲಿ ಹೇಳಬಹುದು ಎಂದರು. ನನ್ನ ಅವಧಿ ಮುಗಿದು ಊರಿಗೆ ಹೋದೆನು. ವಿಚಾರಣೆಗೆ ಕರೆ ಬರಬಹುದೆಂದು ಕಾದೆನು. ಬರಲಿಲ್ಲ. ಸವರಿಯಮ್ಮ ಬಿಡುಗಡೆಯಾಗಬೇಕಿದ್ದ ದಿನ ಕಳೆದರೂ ಅವಳನ್ನು ಬಿಟ್ಟಿಲ್ಲವೆಂದು ನಿನ್ನೆ ತಿಳಿಯಿತು.

ಠಾಣೆಗೆ ಹೋಗುತ್ತೇನೆಂದು ಹೇಳಿದಾಗ ನನ್ನ ಗಂಡ, ಒಂದು ಸಲ ಹೋಗಿ ಬಂದದ್ದು ಸಾಲದೇ, ನಿನ್ನ ಮೇಲೂ ಕೇಸು ಹಾಕಿದರೆ ಜನ ಏನೆಂದಾರು ಎಂದು ಕೇಳಿದರು. ಆಗ ನಾನು ಅವರಿಗೆ ಮಡಕೆಯ ಸಂಗತಿ, ಕಂಬಳಿಯ ಸಂಗತಿ ಮೊದಲ ಸಲ ಹೇಳಿದೆನು. ಹೇಳುವವರೆಗೂ ನಾಚಿಕೆಯಿಂದ ಮುಚ್ಚಿಟ್ಟಿದ್ದೆನು. ಬೆಳಗ್ಗೆ ನಾನು ನಡೆದೇ ಹೊರಟು ಊರ ಬಾಗಿಲು ದಾಟಿದಾಗ ಹಿಂದಿನಿಂದ ಗಾಡಿ ಕಟ್ಟಿಕೊಂಡು ಬಂದು, "ಗಾಡಿ ಅತ್ತು. ಆ ಎಣ್ಮಗಳ್ಗೆ ಅನ್ಯಾಯ ಆಗ್ಬಾರ್ದು" ಎಂದರು. ಈಗ ಅವರು ಠಾಣೆಯ ಹೊರಗೆ ಮರದ ಕೆಳಗೆ ಇದ್ದಾರೆ.

ಸವರಿಯಮ್ಮ ಗೋಡೆ ದಾಟಿ ಹೋಗಿಬಂದಳು. ನನ್ನ ಮಾತಿನ ಮೇಲೆ ಹೋದವಳು. ನನ್ನ ಹೆಗಲು ಹತ್ತಿ ಹೋದವಳು. ಅದು ಅಪರಾಧವಾದರೆ ನೆರವಾದ ಅಪರಾಧ ನನ್ನದು, ನನ್ನ ಮೇಲೆಯೂ ಕೇಸು ಬರೆದುಕೊಳ್ಳಬೇಕು. ಈ ಸಲ ದಂಡ ಹಾಕಿದರೆ ಕಟ್ಟುತ್ತೇನೆ, ಸಜಾ ಹಾಕಿದರೆ ಅದೇ ಕೋಣೆಗೆ ಹೋಗುತ್ತೇನೆ, ನನಗೆ ಭಯವಿಲ್ಲ. ಸವರಿಯಮ್ಮನಿಗೂ, ದಾದಿ ದೊಡ್ಡಬಸಮ್ಮನವರಿಗೂ, ಆ ಬಾಗಿಲು ತೆರೆದಿಟ್ಟು ಹೋದ ಶಂಕರಮ್ಮನಿಗೂ, ಹೆಚ್ಚು ಕೇಳದೆ ಬೀಗ ತೆಗೆದ ಮಾದಸ್ವಾಮಿಯವರಿಗೂ ನಾನು ಋಣಿ. ಇವರಲ್ಲಿ ಒಬ್ಬರಿಗೂ ನನ್ನಿಂದ ತೊಂದರೆಯಾಗಬಾರದು.

ನಾನು ಹೇಳಿದಂತೆಯೇ ಬರೆದ ಮೇಲ್ಕಂಡ ಸಂಗತಿಗಳನ್ನು ರೈಟರು ನನಗೆ ಓದಿ ಕೇಳಿಸಿರುತ್ತಾರೆ. ಒಂದು ಕಡೆ "ಸವರಿಯಮ್ಮ ಗೋಡೆ ದಾಟಿ ಪರಾರಿಯಾದಳು" ಎಂದು ಬರೆದಿದ್ದುದನ್ನು ನಾನು ಒಪ್ಪದೆ, ಅದನ್ನು ಹೊಡೆದು "ಹೋಗಿಬಂದಳು" ಎಂದು ಬರೆಯುವಂತೆ ಕೇಳಿಕೊಂಡಿದ್ದರ ಮೇರೆಗೆ ತಿದ್ದಿರುತ್ತಾರೆ. ತಿದ್ದಿದ ಮೇಲೆ ಎಲ್ಲವೂ ನಡೆದದ್ದೇ, ಸುಳ್ಳಿಲ್ಲವೆಂದು ಒಪ್ಪಿ ಎಡಗೈ ಹೆಬ್ಬೆಟ್ಟು ಒತ್ತಿರುತ್ತೇನೆ.

ಕೊಳ್ಳೇಗಾಲ
5-11-1951
ಗುರುಬಸಮ್ಮನವರ ಹೆಬ್ಬೆಟ್ಟಿನ ಗುರುತು

ಷರಾ, 13-11-1951: ಈ ಹೇಳಿಕೆಯನ್ನೂ ದಾದಿಯವರ ಬರಹವನ್ನೂ ನೋಡಿ ಮ್ಯಾಜಿಸ್ಟ್ರೇಟರು ಸವರಿಯಮ್ಮನ ಮೇಲಿನ ಹೊಸ ಪ್ರಕರಣವನ್ನು ಕೈಬಿಟ್ಟು ನಿನ್ನೆ ಅವಳನ್ನು ಬಿಡುಗಡೆ ಮಾಡಿರುತ್ತಾರೆ. ಹೇಳಿಕೆದಾರರ ಮೇಲೆ ಯಾವ ಕ್ರಮವೂ ಇಲ್ಲ. ಇದನ್ನು ತಿಳಿಸಲು ಮುಳ್ಳೂರಿಗೆ ಹೋಗಿದ್ದ ಕಾನ್‌ಸ್ಟೇಬಲ್ ವರದಿ ಮಾಡಿರುವುದೇನೆಂದರೆ, ಗುರುಬಸಮ್ಮ ಮನೆಯಲ್ಲಿರಲಿಲ್ಲ. ಸವರಿಯಮ್ಮನ ಜೊತೆ ಲೊಕ್ಕನಹಳ್ಳಿಗೆ ಹೋಗಿ ಮಗು ನೋಡಿಕೊಂಡು, ಅಲ್ಲಿಂದ ಅವಳನ್ನು ಮಾರ್ಟಳ್ಳಿಯ ಮಕ್ಕಳ ಬಳಿಗೆ ಬಿಟ್ಟು ಬರುತ್ತೇನೆಂದು ನಿನ್ನೆಯೇ ಹನೂರಿನ ಬಸ್ಸು ಹತ್ತಿದ್ದಾಳೆಂದು ಗಂಡ ಕೆಂಪನಂಜಪ್ಪನು ತಿಳಿಸಿರುತ್ತಾನೆ.